ಕಾಳಿಘಾಟಿನ ಬೆಕ್ಕು

ಊರಿನಿಂದ ನೆಂಟರು ಬಂದರೆ ಅವರನ್ನು ಕಾಳಿಘಾಟಿಗೆ ಕರೆದುಕೊಂಡು ಹೋಗುವುದು ಕಲ್ಕತ್ತದಲ್ಲಿ ನೆಲೆಸಿದ ಕನ್ನಡಿಗರಿಗೆ ತಪ್ಪಿದ್ದಲ್ಲ. ಪಂಡಾಗಳ ಕೈಯಿಂದ ಪಾರಾಗಿ, ದೇವಿಯ ದರ್ಶನ ಮುಗಿಸಿ, ದಾಸವಾಳದ ಹಾರವನ್ನೂ ಪೇಡೆಯ ಪೊಟ್ಟಣವನ್ನೂ ಹಿಡಿದು ಹೊರಬಂದ ಮೇಲೆ ಅಂಗಡಿ ಸಾಲಿನಲ್ಲಿ ಅರ್ಧ ಗಂಟೆ ಕಳೆಯುವುದೂ ವಾಡಿಕೆ. 2024ರ ಲೋಕಸಭಾ ಚುನಾವಣೆಯ ಬೇಸಿಗೆಯಲ್ಲಿ ನನ್ನ ಅಕ್ಕನ ಮಗ ಬಂದಿದ್ದ. ಅಂಗಡಿಯೊಂದರಲ್ಲಿ ಅವನ ಕಣ್ಣಿಗೆ ಒಂದು ಹಳೆಯ ಚಿತ್ರದ ಅಚ್ಚುಪ್ರತಿ ಬಿತ್ತು. ಬಾಯಲ್ಲಿ ದೊಡ್ಡದೊಂದು ಸೀಗಡಿಯನ್ನು ಕಚ್ಚಿಕೊಂಡ ಬೆಕ್ಕು; ಹಣೆಯ ಮೇಲೆ ನಾಮ.

"ಮಾವ, ಈ ಬೆಕ್ಕಿಗೇಕೆ ನಾಮ ಹಾಕಿದ್ದಾರೆ?" ಎಂದು ಕೇಳಿದ.

ಮೀನು ಮಾಂಸ ಮುಟ್ಟೆನೆಂದು ನಾಮ ಹಾಕಿಕೊಂಡು, ಮರೆಯಲ್ಲಿ ಸೀಗಡಿ ಮೆಲ್ಲುವ ಕಪಟ ಭಕ್ತನ ಚಿತ್ರವದು ಎಂದು ಹೇಳಿದೆ. ಹುಡುಗನಿಗೆ ಖುಷಿಯಾಗಿ ಕೊಂಡುಕೊಂಡ. ಅಂದು ಸಂಜೆ ಮನೆಯಲ್ಲಿ ಅವನು ತನ್ನ ಮೊಬೈಲಿಗೆ ಬಂದಿದ್ದ ಇನ್ನೊಂದು ಚಿತ್ರವನ್ನು ತೋರಿಸಿದ. ನಮ್ಮಿಬ್ಬರಿಗೂ ಆಗದ ಒಬ್ಬ ರಾಜಕಾರಣಿಯ ಮೈಕಟ್ಟನ್ನು ಹಂಗಿಸಿ ಮಾಡಿದ್ದ ಚಿತ್ರ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಅದನ್ನು ನೋಡಿ, "ಇದನ್ನೇ ನಿಮಗೆ ಬೇಕಾದವರ ಮೇಲೆ ಮಾಡಿದ್ದರೆ ಈ ಹೊತ್ತಿಗೆ ಸೂರು ಹಾರಿಹೋಗುವ ಹಾಗೆ ಕೂಗಾಡುತ್ತಿದ್ದಿರಿ" ಎಂದಳು. ನಮ್ಮ ನಗು ಅಲ್ಲಿಗೇ ನಿಂತಿತು. ಕಾಳಿಘಾಟಿನ ಬೆಕ್ಕು ನಮ್ಮ ಮನೆಗೂ ಬಂದಿತ್ತು!

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಚುನಾವಣೆ ಬಂತೆಂದರೆ ಯಾವ ಪಕ್ಷದವರೇ ಆಗಲಿ, ಎದುರಾಳಿಯನ್ನು ಹಂಗಿಸುವುದು ತಮ್ಮ ಹಕ್ಕೆಂದೂ ತಮ್ಮನ್ನು ಹಂಗಿಸುವುದು ಅಪರಾಧವೆಂದೂ ತಿಳಿಯುತ್ತಾರೆ. ಇದು ನಿನ್ನೆ ಮೊನ್ನೆ ಮೊಬೈಲಿನ ಜೊತೆ ಬಂದ ರೋಗವಲ್ಲ. ನಾವು ಬಾಳುತ್ತಿರುವ ಈ ನಗರದ ನಗೆಯ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಅದರ ಬೇರು ಸಿಗುತ್ತದೆ. ನಾನು ಸರ್ಕಾರಿ ನೌಕರ. ಯಾವ ಪಕ್ಷದ ಕಡೆಗೂ ತಕ್ಕಡಿ ಬಾಗಿಸುವ ಸ್ವಾತಂತ್ರ್ಯ ನನಗಿಲ್ಲ. ಈ ವಿಷಯವನ್ನು ಬರೆಯುವುದಕ್ಕೆ ಅದೇ ಒಳ್ಳೆಯದಾಯಿತು.

ಈಗಿರುವ ಕಾಳಿಮಂದಿರದ ಕಟ್ಟಡ ಮುಗಿದದ್ದು 1809ರಲ್ಲಿ. ಯಾತ್ರಿಕರ ಸಂದಣಿ ಹೆಚ್ಚಿದಂತೆ 'ಪಟುವಾ' ಎಂಬ ಚಿತ್ರಕಾರರ ಕುಟುಂಬಗಳು ಬಂಗಾಳದ ಹಳ್ಳಿಗಳಿಂದ ಬಂದು ಗುಡಿಯ ಸುತ್ತ ನೆಲೆಸಿದವು. ಗಿರಣಿಯ ಅಗ್ಗದ ಕಾಗದದ ಮೇಲೆ, ನೀರಿನಲ್ಲಿ ಕಲಸಿದ ಬಣ್ಣದಿಂದ, ನಾಲ್ಕೇ ಗೀಟುಗಳಲ್ಲಿ ದೇವರ ಚಿತ್ರ ಬರೆದು ಯಾತ್ರಿಕರಿಗೆ ಪೈಸೆಗಳ ಲೆಕ್ಕದಲ್ಲಿ ಮಾರುತ್ತಿದ್ದರು. ಬರಬರುತ್ತಾ ದೇವರ ಜೊತೆಗೆ ಊರಿನ ಮನುಷ್ಯರೂ ಚಿತ್ರಕ್ಕೆ ಬಂದರು. ಕ್ರಾಪು ತೀಡಿ, ಬಕಲ್ ಬೂಟು ತೊಟ್ಟು, ಹುಕ್ಕಾ ಹಿಡಿದು ಕುಳಿತ ಹೊಸ ಶ್ರೀಮಂತ 'ಬಾಬು', ಅವನು ಮನೆ ಮರೆತು ಸುತ್ತುವ ವೇಶ್ಯೆ, ಹೆಣ್ಣಿನ ಹಗ್ಗಕ್ಕೆ ಸಿಕ್ಕಿ ಕುರಿಯಾದ ಗಂಡು, ಗಂಡನಿಗೆ ಪೊರಕೆಯಲ್ಲಿ ಹೊಡೆಯುವ ಹೆಂಡತಿ, ನಾಮ ಹಾಕಿದ ಬೆಕ್ಕು ಎಲ್ಲವೂ ಬಂದವು. ವಿನೋದವೆಂದರೆ, ಬಂಗಾಳಿ ಬಾಬುವನ್ನು ತಮ್ಮ ಕತೆಗಳಲ್ಲಿ ಗೇಲಿ ಮಾಡಿದ್ದ ರಡ್ಯಾರ್ಡ್ ಕಿಪ್ಲಿಂಗ್ ಅವರೇ ತಮ್ಮ ತಂದೆ ಕೂಡಿಟ್ಟಿದ್ದ ಈ ಚಿತ್ರಗಳನ್ನು 1917ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಕೊಟ್ಟರು.

ಪಟುವಾಗಳ ನಗೆಗೆ ಒಂದು ಧೈರ್ಯವಿತ್ತು. ಬಡವನು ಸಿರಿವಂತನನ್ನೂ, ಗುಡಿಯ ಬಾಗಿಲಲ್ಲೇ ಕುಳಿತವನು ಧರ್ಮದ ಸೋಗನ್ನೂ ನೋಡಿ ನಕ್ಕ ನಗೆ ಅದು. ಆದರೆ ಆ ನಗೆಗೂ ಒಂದು ಓರೆಯಿತ್ತು ಎಂಬುದನ್ನು ಮುಚ್ಚಿಡಬಾರದು. 1873ರ ಮೇ 27ರಂದು ನವೀನಚಂದ್ರನೆಂಬ ಸರ್ಕಾರಿ ನೌಕರ ತನ್ನ ಹದಿನಾರು ವರ್ಷದ ಹೆಂಡತಿ ಎಲೋಕೇಶಿಯನ್ನು ಮೀನು ಹೆಚ್ಚುವ ಈಳಿಗೆಯಿಂದ ಕತ್ತು ಕತ್ತರಿಸಿ ಕೊಂದ. ತಾರಕೇಶ್ವರದ ಮಹಂತ ಮಾಧವಚಂದ್ರ ಗಿರಿ ಅವಳನ್ನು ಕೆಡಿಸಿದ್ದನೆಂಬುದು ಕಾರಣ. ನವೀನನಿಗೆ ಜೀವಾವಧಿ ಗಡೀಪಾರು, ಮಹಂತನಿಗೆ ಮೂರು ವರ್ಷ ಸಜೆ ಮತ್ತು 2000 ರೂಪಾಯಿ ದಂಡ ವಿಧಿಸಲಾಯಿತು. ಊರಿಗೆ ಊರೇ ನವೀನನ ಪರ ಅರ್ಜಿ ಹಾಕಿತು. 1875ರಲ್ಲಿ ಅವನು ಬಿಡುಗಡೆಯಾದ. ಕಾಳಿಘಾಟಿನಲ್ಲಿ ಈ ಪ್ರಕರಣದ ಚಿತ್ರಮಾಲೆಯೇ ಮಾರಾಟವಾಯಿತು. ಮಹಂತ ಜೈಲಿನಲ್ಲಿ ಗಾಣ ತಿರುಗಿಸುವುದನ್ನು ನೋಡಿ ಜನ ನಕ್ಕರು. ಆದರೆ ಕೆಲವು ಚಿತ್ರಗಳಲ್ಲಿ, ಪ್ರಾಣ ಕಳೆದುಕೊಂಡ ಹುಡುಗಿಯೇ ವೀಳ್ಯ ಕೊಟ್ಟು ಮರುಳು ಮಾಡುವ ಮಾಟಗಾತಿಯಂತೆ ಕಾಣಿಸಿಕೊಂಡಳು. ಕೊಂದವನು ಕರುಣೆಗೆ ಪಾತ್ರ, ಸತ್ತವಳು ಹಾಸ್ಯಕ್ಕೆ ವಸ್ತು! ನಗುವವರ ತಕ್ಕಡಿ ಆಗಲೇ ಒಂದು ಕಡೆಗೆ ವಾಲಿತ್ತು.

ಕಾಳಿಘಾಟಿನ ನೆರೆಯ ಬಡಾವಣೆ ಭವಾನೀಪುರ. ಅಲ್ಲಿ ನಡೆದ ಒಂದು ಘಟನೆಯಿಂದ ಈ ನಗೆ ರಾಜಕೀಯಕ್ಕೆ ಕಾಲಿಟ್ಟಿತು. 1876ರ ಜನವರಿಯಲ್ಲಿ, ಮುಂದೆ ಏಳನೆಯ ಎಡ್ವರ್ಡ್ ಆದ ಯುವರಾಜ ಕಲ್ಕತ್ತಕ್ಕೆ ಬಂದಿದ್ದಾಗ, ಹೈಕೋರ್ಟಿನ ವಕೀಲ ಜಗದಾನಂದ ಮುಖರ್ಜಿ ಅವರು ಆತನನ್ನು ಭವಾನೀಪುರದ ತಮ್ಮ ಮನೆಯ ಅಂತಃಪುರಕ್ಕೇ ಕರೆದೊಯ್ದು ಹೆಂಗಸರಿಂದ ಶಂಖ ಊದಿಸಿ ಸ್ವಾಗತ ಮಾಡಿಸಿದರು. ಊರಿನವರಿಗೆ ಇದು ಸಹಿಸಲಿಲ್ಲ. ಮುಂದಿನ ತಿಂಗಳೇ ಗ್ರೇಟ್ ನ್ಯಾಷನಲ್ ಥಿಯೇಟರಿನವರು 'ಗಜದಾನಂದ ಮತ್ತು ಯುವರಾಜ' ಎಂಬ ಪ್ರಹಸನ ಆಡಿದರು. ಪೊಲೀಸರು ನಿಲ್ಲಿಸಿದರು. ಅದನ್ನೇ 'ಹನುಮಾನ್ ಚರಿತ್ರ' ಎಂದು ಹೆಸರು ಬದಲಿಸಿ ಆಡಿದರು. ಅದೂ ನಿಂತಿತು. ಆಗ ಅವರು 'ಹಂದಿ ಮತ್ತು ಕುರಿಯ ಪೊಲೀಸು' ಎಂಬ ಅರ್ಥದ ಹೆಸರಿಟ್ಟು ಮತ್ತೊಂದನ್ನು ತಂದರು. ಪೊಲೀಸ್ ಕಮಿಷನರ್ ಸ್ಟುಅರ್ಟ್ ಹಾಗ್. ಅವರ ಕೈಕೆಳಗಿನ ಅಧಿಕಾರಿ ಲ್ಯಾಂಬ್. ಇಂಗ್ಲಿಷಿನಲ್ಲಿ 'ಹಾಗ್' ಹಂದಿ, 'ಲ್ಯಾಂಬ್' ಕುರಿಮರಿ. ನಾವು ಇಂದಿಗೂ ಸಾಮಾನು ತರುವ ನ್ಯೂ ಮಾರ್ಕೆಟ್ಟಿಗೆ ಹೆಸರು ಕೊಟ್ಟ ಹಾಗ್ ಸಾಹೇಬರು ಇವರೇ.

ಸರ್ಕಾರ ತಡೆದುಕೊಳ್ಳಲಿಲ್ಲ. ಫೆಬ್ರವರಿ 29ರಂದು ವೈಸರಾಯ್ ನಾರ್ಥ್‌ಬ್ರೂಕ್ ಸುಗ್ರೀವಾಜ್ಞೆ ಹೊರಡಿಸಿದರು. ಮಾರ್ಚಿಯಲ್ಲಿ ಉಪೇಂದ್ರನಾಥ ದಾಸ್, ಅಮೃತಲಾಲ ಬಸು ಮೊದಲಾದವರನ್ನು ಹಿಡಿದರು. ಆದರೆ ಹೊರಿಸಿದ ಆರೋಪ ಯುವರಾಜನ ಅವಮಾನದ್ದಲ್ಲ. ಬೇರೊಂದು ನಾಟಕದಲ್ಲಿ ಅಶ್ಲೀಲತೆ ಇದೆಯೆಂಬುದು! ಹೈಕೋರ್ಟಿನಲ್ಲಿ ಅದು ನಿಲ್ಲಲಿಲ್ಲ, ಬಿಡುಗಡೆಯಾಯಿತು. ಡಿಸೆಂಬರಿನಲ್ಲಿ ನಾಟಕ ಪ್ರದರ್ಶನ ಕಾಯಿದೆಯೇ ಬಂತು. ಇದೇ ಕಾಲದಲ್ಲಿ 'ಇಂಡಿಯನ್ ಶಾರಿವಾರಿ' ಎಂಬ ಇಂಗ್ಲಿಷ್ ಪತ್ರಿಕೆ ಈ ಊರಿನಿಂದಲೇ ಹೊರಟು ಬಾಬುಗಳನ್ನು ಗೇಲಿ ಮಾಡುತ್ತಿತ್ತು. ಅದು ಬಿಳಿಯರ ಮನೆಗಳಲ್ಲಿ ಹಾಸ್ಯ. ಕರಿಯರು ರಂಗದ ಮೇಲೆ ಅದನ್ನೇ ತಿರುಗಿಸಿದರೆ ರಾಜದ್ರೋಹ, ಅಶ್ಲೀಲ. ಇನ್ನೊಂದು ಸ್ವಾರಸ್ಯವನ್ನು ಗಮನಿಸಿ. ಕಲ್ಕತ್ತ ಮುನಿಸಿಪಾಲಿಟಿಗೆ 72 ಕಮಿಷನರುಗಳಲ್ಲಿ 48 ಮಂದಿಯನ್ನು ಕರದಾತರೇ ಆರಿಸುವ ಹಕ್ಕು ಬಂದದ್ದೂ ಅದೇ 1876ರಲ್ಲಿ. ಮತ ಹಾಕುವ ಕೈಗೆ ಹಕ್ಕು, ನಗುವ ಬಾಯಿಗೆ ಬೀಗ, ಎರಡೂ ಒಂದೇ ವರ್ಷದ ಕೂಸುಗಳು. ಸ್ವಾತಂತ್ರ್ಯ ಬಂದ ಮೇಲೆ ನಾನಾ ಪಕ್ಷಗಳ ಸರ್ಕಾರಗಳು ಬಂದುಹೋದರೂ ಆ ಬೀಗವನ್ನು ಯಾರೂ ಎಸೆಯಲಿಲ್ಲ. ಕೇಂದ್ರದ ಕಾನೂನು ಪುಸ್ತಕದಿಂದ ಆ ಕಾಯಿದೆ ಹೋದದ್ದು 2018ರಲ್ಲಿ.

1883ರಲ್ಲಿ ತಾರತಮ್ಯ ಇನ್ನೂ ಬಯಲಾಯಿತು. ಬಿಳಿಯ ಆರೋಪಿಗಳನ್ನು ಭಾರತೀಯ ನ್ಯಾಯಾಧೀಶರೂ ವಿಚಾರಿಸಬಹುದೆಂಬ ಇಲ್ಬರ್ಟ್ ಮಸೂದೆ ಬಂದಾಗ, ಫೆಬ್ರವರಿ 28ರಂದು ಟೌನ್ ಹಾಲಿನಲ್ಲಿ ಬಿಳಿಯರ ದೊಡ್ಡ ಸಭೆ ಸೇರಿತು. ಬ್ರಾನ್ಸನ್ ಎಂಬ ಬ್ಯಾರಿಸ್ಟರ್ ಅಲ್ಲಿ ಭಾರತೀಯರನ್ನು ಸಿಂಹಕ್ಕೆ ಒದೆಯುವ ಕತ್ತೆಗೆ ಹೋಲಿಸಿ ಬೈದ. ಅವನಿಗೆ ಜೈಲಾಗಲಿಲ್ಲ. ಎರಡು ತಿಂಗಳ ಬಳಿಕ ಸುರೇಂದ್ರನಾಥ ಬ್ಯಾನರ್ಜಿಯವರು ತಮ್ಮ 'ಬೆಂಗಾಲಿ' ಪತ್ರಿಕೆಯಲ್ಲಿ, ಸಾಲಿಗ್ರಾಮವನ್ನು ಕೋರ್ಟಿಗೆ ತರಿಸಿದ ನ್ಯಾಯಾಧೀಶ ನಾರಿಸರನ್ನು ಟೀಕಿಸಿ ಬರೆದರು. ಮೇ 5ರಂದು ನ್ಯಾಯಾಲಯ ನಿಂದನೆಗಾಗಿ ಎರಡು ತಿಂಗಳ ಸಜೆ ಆಯಿತು. ಸಾವಿರಾರು ಜನರ ಮುಂದೆ ಒಂದು ಜನಾಂಗವನ್ನೇ ಕತ್ತೆ ಎಂದವನು ಮನೆಗೆ ಹೋದ. ಒಬ್ಬ ನ್ಯಾಯಾಧೀಶರ ನಡತೆಯನ್ನು ಪ್ರಶ್ನಿಸಿದವರು ಸೆರೆಮನೆಗೆ ಹೋದರು.

ಇದೆಲ್ಲಾ ಪರಕೀಯರ ಆಳ್ವಿಕೆಯ ಮಾತು, ನಾವು ಹಾಗಲ್ಲ ಎಂದು ಓದುಗರು ಹೇಳಬಹುದು. ಹಾಗಾದರೆ 1967ರ ಚುನಾವಣೆಗೆ ಬರೋಣ.

ಅದರ ಹಿಂದಿನ ವರ್ಷ ಬಂಗಾಳದಲ್ಲಿ ಆಹಾರದ ಅಭಾವ. ಮುಖ್ಯಮಂತ್ರಿ ಪ್ರಫುಲ್ಲಚಂದ್ರ ಸೇನರು ಜನರಿಗೆ ಬಾಳೆಕಾಯಿ ತಿನ್ನುವಂತೆ ಸಲಹೆ ಮಾಡಿದರು. ಬಂಗಾಳಿಯಲ್ಲಿ 'ಕಾಂಚಕಲಾ' ತೋರಿಸುವುದೆಂದರೆ ಬರಿಗೈ ತೋರಿಸಿದ ಹಾಗೆ. ಎಡಪಕ್ಷಗಳಿಗೆ ಇದಕ್ಕಿಂತ ಏನು ಬೇಕು? ಗೋಡೆಗೋಡೆಯ ಮೇಲೂ, ಮೆರವಣಿಗೆಗಳಲ್ಲೂ ಬಾಳೆಕಾಯಿ ಕಾಣಿಸಿತು. ಇದು ನ್ಯಾಯವಾದ ಗೇಲಿ. ಆಡಿದ ಮಾತಿಗೆ, ಮಾಡಿದ ಆಡಳಿತಕ್ಕೆ ಬಂದ ಉತ್ತರ. ಆದರೆ ಬಾಳೆಕಾಯಿಯ ಪಕ್ಕದಲ್ಲೇ ಒಂದು ಬದನೆಕಾಯಿಯೂ ಇತ್ತು. ಕಾಂಗ್ರೆಸ್ಸಿನ ಪ್ರಬಲ ನಾಯಕ ಅತುಲ್ಯ ಘೋಷರಿಗೆ ಒಂದು ಕಣ್ಣು ಇರಲಿಲ್ಲ; ಸದಾ ಕಪ್ಪು ಕನ್ನಡಕ ಧರಿಸುತ್ತಿದ್ದರು. ಬಂಗಾಳಿಯಲ್ಲಿ 'ಕಾನಾ' ಎಂದರೆ ಒಕ್ಕಣ್ಣ. 'ಕಾನಾ ಬೇಗುನ್' ಎಂದರೆ ತೂತುಬಿದ್ದ ಹುಳುಕು ಬದನೆ. ಈ ಶ್ಲೇಷೆ ಊರೆಲ್ಲ ಹಬ್ಬಿತು. ಆ ಚುನಾವಣೆಯಲ್ಲಿ ಸೇನರು ಆರಾಮ್‌ಬಾಗಿನಲ್ಲೂ ಘೋಷರು ಬಾಂಕುರಾದಲ್ಲೂ ಸೋತರು.

ಈಗ ನಿವೃತ್ತರಾಗಿರುವ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಆಗ ಹನ್ನೆರಡು ವರ್ಷದ ಹುಡುಗ. ಕೋಲಿಗೆ ಬದನೆಕಾಯಿ ಸಿಕ್ಕಿಸಿಕೊಂಡು ಮೆರವಣಿಗೆಯಲ್ಲಿ ಕೂಗುತ್ತಾ ಹೋದವರು. ಒಂದು ಮಧ್ಯಾಹ್ನ ಕಚೇರಿಯಲ್ಲಿ ಟಿಫಿನ್ ಡಬ್ಬಿ ಬಿಚ್ಚಿದಾಗ, ನಮ್ಮ ಮನೆಯ ಬದನೆಕಾಯಿ ಪಲ್ಯ ನೋಡಿ ಆ ಕತೆ ಹೇಳಿದರು. ಮೆರವಣಿಗೆ ಮುಗಿಸಿ ಮನೆಗೆ ಬಂದಾಗ ಅವರ ತಂದೆ, ತಾವೂ ಎಡಪಕ್ಷದವರೇ ಆದರೂ, ಮಗನನ್ನು ಕೂರಿಸಿಕೊಂಡು ಕೇಳಿದರಂತೆ: "ಆ ಕಣ್ಣು ಹೇಗೆ ಹೋಯಿತು ಗೊತ್ತೇನೋ?" ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಜೈಲಿನಲ್ಲಿ ಬ್ರಿಟಿಷ್ ಸರ್ಕಾರದ ಪೊಲೀಸರ ಹೊಡೆತಕ್ಕೆ ಹೋದ ಕಣ್ಣು ಅದು. "ನಾನು ಅತುಲ್ಯಬಾಬುವನ್ನು ನೋಡಿ ನಗಲಿಲ್ಲ ಭಾಯಿ, ಆ ಪೊಲೀಸಿನವನ ಲಾಠಿಯ ಜೊತೆ ಸೇರಿ ನಕ್ಕಿದ್ದೆ" ಎಂದರು ಅವರು. ಅವರು ಜೀವನವಿಡೀ ಕಾಂಗ್ರೆಸ್ಸಿಗೆ ಮತ ಹಾಕಿದವರಲ್ಲ. ಆದರೂ ಐವತ್ತು ವರ್ಷದ ಹಿಂದಿನ ಆ ಬದನೆಕಾಯಿ ಅವರಿಗೆ ಜೀರ್ಣವಾಗಿರಲಿಲ್ಲ.

ಕಾಂಗ್ರೆಸ್ಸಿನವರೇನೂ ಹಿಂದೆ ಬೀಳಲಿಲ್ಲ. 1962ರ ಯುದ್ಧದ ನಂತರ ಕುಡುಗೋಲು ಸುತ್ತಿಗೆಯನ್ನು ಚೀಣದ ಗುರುತೆಂದೂ ನಕ್ಷತ್ರವನ್ನು ಪಾಕಿಸ್ತಾನದ ಗುರುತೆಂದೂ ಪ್ರಾಸ ಕಟ್ಟಿ, ಎದುರಾಳಿಗಳೆಲ್ಲ ದೇಶದ ಶತ್ರುಗಳೆಂದು ಗೋಡೆಯ ಮೇಲೆ ಬರೆದರು. ತಮ್ಮದು ಜನರ ಹಾಸ್ಯ, ಅವರದು ನೀಚತನ, ಹೀಗೆಂದು ಎರಡು ಕಡೆಯವರೂ ಪ್ರಾಮಾಣಿಕವಾಗಿ ನಂಬಿದ್ದರು.

ನಮ್ಮ ಕರ್ನಾಟಕವೂ ಇದರಿಂದ ದೂರವಿರಲಿಲ್ಲ. ಇಂದಿರಾ ಗಾಂಧಿಯವರನ್ನು ಮೊದಮೊದಲು 'ಮೂಗಿ ಗೊಂಬೆ' ಎಂದು ಹಂಗಿಸಿದವರು ರಾಮಮನೋಹರ ಲೋಹಿಯಾ. ಕಾಂಗ್ರೆಸ್ಸಿನ ಚಿಹ್ನೆ ಹಸು ಮತ್ತು ಕರುವಾಗಿದ್ದಾಗ, 1977ರ ಚುನಾವಣೆಯಲ್ಲಿ ವಿರೋಧಿಗಳು ಅದನ್ನೇ ತಾಯಿ ಮಗನಿಗೆ ಹೋಲಿಸಿ ನಕ್ಕರು. ಮರುವರ್ಷ, 1978ರ ನವೆಂಬರಿನಲ್ಲಿ, ಚಿಕ್ಕಮಗಳೂರಿನ ಉಪಚುನಾವಣೆ ಬಂತು. ಡಿ. ಬಿ. ಚಂದ್ರೇಗೌಡರು ತೆರವು ಮಾಡಿದ ಸ್ಥಾನಕ್ಕೆ ಇಂದಿರಾ ಗಾಂಧಿ ನಿಂತರು. ಎದುರಾಳಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಒಬ್ಬಳು ಸಿಂಹಿಣಿ, ನೂರು ಮುಸುವಗಳು ಎಂಬ ಅರ್ಥದ ಹಿಂದಿ ಘೋಷಣೆ ಆಗ ದೇಶದ ತುಂಬ ಕೇಳಿಸಿತು. ಇಂದಿರಾ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. 'ಮೂಗಿ ಗೊಂಬೆ' ಎಂದದ್ದಕ್ಕೆ ನೊಂದವರಿಗೆ 'ಮುಸುವ' ಎಂಬ ಮಾತು ನೋಯಿಸಲಿಲ್ಲ. ಹಸು ಕರು ಎಂದು ನಕ್ಕವರಿಗೆ ಮುಸುವ ಎಂದದ್ದು ರುಚಿಸಲಿಲ್ಲ. 1883ರ ಟೌನ್ ಹಾಲಿನಲ್ಲಿ ಸಿಂಹ ಮತ್ತು ಕತ್ತೆ. 1978ರ ಮಲೆನಾಡಿನಲ್ಲಿ ಸಿಂಹಿಣಿ ಮತ್ತು ಮುಸುವ. ತೊಂಬತ್ತೈದು ವರ್ಷಗಳಲ್ಲಿ ಪ್ರಾಣಿಗಳು ಬದಲಾದವು, ನಗೆಯ ಜಾಯಮಾನ ಬದಲಾಗಲಿಲ್ಲ.

ಬೇರೆ ಮಾದರಿಗಳೂ ನಮ್ಮಲ್ಲಿ ಇದ್ದವು. ದೆಹಲಿಯಲ್ಲಿ 1948ರಲ್ಲಿ ಹುಟ್ಟಿದ 'ಶಂಕರ್ಸ್ ವೀಕ್ಲಿ'ಯ ಶಂಕರ್ ಅವರಿಗೆ, ತಮ್ಮನ್ನೂ ಬಿಡದೆ ಗೇಲಿ ಮಾಡಿ ಎಂದು ನೆಹರೂ ಅವರೇ ಹೇಳಿದ್ದರು. ಅವರ ಮಗಳ ಕಾಲದಲ್ಲಿ, ತುರ್ತು ಪರಿಸ್ಥಿತಿ ಬಂದ ಎರಡೇ ತಿಂಗಳಲ್ಲಿ, 1975ರ ಆಗಸ್ಟಿನಲ್ಲಿ ಆ ಪತ್ರಿಕೆ ನಿಂತಿತು. ಕನ್ನಡದಲ್ಲಿ ರಾಶಿಯವರ 'ಕೊರವಂಜಿ' 1942ರಿಂದ 1967ರವರೆಗೆ ಇಪ್ಪತ್ತೈದು ವರ್ಷ ನಮ್ಮ ಹಿರಿಯರನ್ನು ನಗಿಸಿತು. ನಮ್ಮ ಭಾಷೆಯಲ್ಲಿ 'ಹಾಸ್ಯ'ಕ್ಕೂ 'ಅಪಹಾಸ್ಯ'ಕ್ಕೂ ಎರಡು ಅಕ್ಷರಗಳ ಅಂತರವಿದೆ. ಚುನಾವಣೆಯ ವೇದಿಕೆಯ ಮೇಲೆ ಆ ಎರಡು ಅಕ್ಷರ ಎಷ್ಟು ಬೇಗ ಬಂದು ಅಂಟಿಕೊಳ್ಳುತ್ತವೆ!

ಮತ್ತೆ ಕಾಳಿಘಾಟಿಗೆ ಬರೋಣ. 2011ರಲ್ಲಿ ಬಂಗಾಳದ ಮುಖ್ಯಮಂತ್ರಿಯಾದ ಮಮತಾ ಬ್ಯಾನರ್ಜಿ ಅವರು ಬಾಳಿ ಬೆಳೆದದ್ದು ಇದೇ ಕಾಳಿಘಾಟಿನ ಹರೀಶ್ ಚಟರ್ಜಿ ಬೀದಿಯ ಹೆಂಚಿನ ಮನೆಯಲ್ಲಿ. ಆ ವರ್ಷದ ಪ್ರಚಾರದಲ್ಲಿ ಮಾರ್ಕ್ಸ್‌ವಾದಿ ಪಕ್ಷದ ಮಾಜಿ ಸಂಸದ ಅನಿಲ್ ಬಸು ಅವರು ಮಮತಾ ಅವರ ಬಗ್ಗೆ ಇಲ್ಲಿ ಬರೆಯಲಾಗದಂಥ ಮಾತಾಡಿದರು. ಅದೇ ಪಕ್ಷದ ಮುಖ್ಯಮಂತ್ರಿ ಬುದ್ಧದೇವ ಭಟ್ಟಾಚಾರ್ಯರು ತಮ್ಮವರನ್ನೇ ಬಹಿರಂಗವಾಗಿ ಖಂಡಿಸಿದರು. ಈ ಲೇಖನದಲ್ಲಿ ಇಂಥ ಉದಾಹರಣೆ ಅಪರೂಪವಾದ್ದರಿಂದ ಅದನ್ನು ಮರೆಯಬಾರದು.

ಹೀಗೆ ನೊಂದವರು ಅಧಿಕಾರಕ್ಕೆ ಬಂದರು. ಒಂದು ವರ್ಷವೂ ಆಗಿರಲಿಲ್ಲ; 2012ರ ಏಪ್ರಿಲಿನಲ್ಲಿ ಜಾದವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಅಂಬಿಕೇಶ ಮಹಾಪಾತ್ರರನ್ನು ಪೊಲೀಸರು ಹಿಡಿದರು. ಸತ್ಯಜಿತ್ ರಾಯ್ ಅವರ 'ಸೋನಾರ್ ಕೆಲ್ಲಾ' ಚಿತ್ರದ ಮಾತುಗಳನ್ನು ಬಳಸಿ, ರೈಲ್ವೆ ಮಂತ್ರಿಯ ಬದಲಾವಣೆಯ ಬಗ್ಗೆ ಯಾರೋ ಮಾಡಿದ್ದ ಒಂದು ವ್ಯಂಗ್ಯಚಿತ್ರವನ್ನು ಇಮೇಲಿನಲ್ಲಿ ಮುಂದಕ್ಕೆ ಕಳಿಸಿದ್ದು ಅವರ ತಪ್ಪು. ಅದರಲ್ಲಿ ಯಾರ ಮೈಯನ್ನೂ ಹಂಗಿಸಿರಲಿಲ್ಲ, ಯಾರ ಹುಟ್ಟನ್ನೂ ಎತ್ತಿರಲಿಲ್ಲ. ಅವರ ಮೇಲೆ ಹೂಡಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನೇ 2015ರಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಆದರೂ ಪ್ರಾಧ್ಯಾಪಕರು ಕೇಸಿನಿಂದ ಪೂರ್ತಿ ಬಿಡುಗಡೆಯಾದದ್ದು 2023ರ ಜನವರಿಯಲ್ಲಿ. ಹನ್ನೊಂದು ವರ್ಷಕ್ಕೆ ಕೆಲವೇ ತಿಂಗಳು ಕಡಿಮೆ!

2021ರ ಚುನಾವಣೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ವೇದಿಕೆಯಿಂದ ರಾಗವೆಳೆದು 'ದೀದೀ, ಓ ದೀದೀ' ಎಂದಾಗ, ಇದು ಹೆಣ್ಣನ್ನು ಬೀದಿಯಲ್ಲಿ ಚುಡಾಯಿಸಿದಂತೆ ಎಂದು ತೃಣಮೂಲದವರು ಸಿಟ್ಟಾದರು. 2022ರ ನವೆಂಬರಿನಲ್ಲಿ ಅದೇ ತೃಣಮೂಲದ ಮಂತ್ರಿ ಅಖಿಲ್ ಗಿರಿ ಅವರು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ರೂಪದ ಬಗ್ಗೆ ಹಗುರಾಗಿ ಮಾತಾಡಿದರು. ಮಮತಾ ಅವರು ಕ್ಷಮೆ ಕೇಳಬೇಕಾಯಿತು. ಆಗ ಸಿಟ್ಟಾಗುವ ಸರದಿ ಭಾಜಪದ್ದು. 2024ರ ಏಪ್ರಿಲ್ 1ರಂದು ಚುನಾವಣಾ ಆಯೋಗ ಒಂದೇ ದಿನ ಇಬ್ಬರಿಗೆ ಛೀಮಾರಿ ಹಾಕಿತು: ಮಮತಾ ಅವರ ಹುಟ್ಟನ್ನು ಎತ್ತಿ ಮಾತಾಡಿದ ಭಾಜಪದ ದಿಲೀಪ್ ಘೋಷರಿಗೆ, ಕಂಗನಾ ರನೌತ್ ಅವರನ್ನು ಹೀನಾಯವಾಗಿ ಹಂಗಿಸಿದ ಬರಹಕ್ಕಾಗಿ ಕಾಂಗ್ರೆಸ್ಸಿನ ಸುಪ್ರಿಯಾ ಶ್ರೀನೇತ್ ಅವರಿಗೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವ ಗಾದೆ ಎಲ್ಲ ಪಕ್ಷಗಳ ಊಟದ ಪಂಕ್ತಿಗೂ ಒಪ್ಪುತ್ತದೆ.

ಹಾಗಾದರೆ ಕಾನೂನನ್ನು ಇನ್ನೂ ಬಿಗಿ ಮಾಡಬೇಕೇ? 1876ರಿಂದ 2012ರವರೆಗಿನ ಅನುಭವ ಬೇರೆಯೇ ಹೇಳುತ್ತದೆ. ಪೊಲೀಸರು ಸಾಮಾನ್ಯವಾಗಿ ಅಧಿಕಾರ ಇದ್ದವರ ನೋವನ್ನು ಮೊದಲು ಕೇಳುತ್ತಾರೆ. ಕಾನೂನಿನ ಕೈ ಮುಟ್ಟಿದ್ದು ನಾಟಕದವರನ್ನು, ಪತ್ರಿಕೆಯವರನ್ನು, ಮೇಷ್ಟರನ್ನು. ಕತ್ತೆ ಎಂದ ಬ್ಯಾರಿಸ್ಟರನನ್ನಲ್ಲ. ಮದ್ದು ಇರುವುದು ನಗುವವರ ಕೈಯಲ್ಲಿ, ಅಂದರೆ ನಮ್ಮ ನಿಮ್ಮ ಕೈಯಲ್ಲಿ.

ಕಾಲೇಜಿನಲ್ಲಿ ಓದಿದ ವಿಜ್ಞಾನ ಮರೆತುಹೋಗಿದ್ದರೂ ಲಿಟ್ಮಸ್ ಕಾಗದ ಇನ್ನೂ ನೆನಪಿದೆ. ಇಲ್ಲೂ ಎರಡು ಪರೀಕ್ಷೆ ಸಾಕು. ಈ ನಗೆ ಆತ ಮಾಡಿದ ಕೆಲಸದ ಮೇಲೋ, ಅಥವಾ ಆತನ ಮೈ, ಹುಟ್ಟು, ಜಾತಿ, ಹೆಣ್ತನದ ಮೇಲೋ? ಎಂಬುದು ಒಂದು. ಹೆಸರು ಅದಲುಬದಲು ಮಾಡಿ ನನ್ನ ಕಡೆಯವರ ಮೇಲೆ ಇದನ್ನೇ ಆಡಿದರೆ ನಾನು ನಗುತ್ತೇನೆಯೇ? ಎಂಬುದು ಇನ್ನೊಂದು. ಬಾಳೆಕಾಯಿ ಈ ಎರಡು ಪರೀಕ್ಷೆಯಲ್ಲೂ ಪಾಸಾಗುತ್ತದೆ, ಬದನೆಕಾಯಿ ಆಗುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಈ ಪರೀಕ್ಷೆ ಕಷ್ಟವಾಗಬಾರದು. ಇಲ್ಲಿಗೆ ಬಂದ ಹೊಸದರಲ್ಲಿ ಅಂಗಡಿಯವರು 'ಮದ್ರಾಸಿ' ಎಂದಾಗ, ನಮ್ಮ ಮಾತಿನ ಧಾಟಿಯನ್ನು ಅಣಕಿಸಿದಾಗ ಆದ ಮುಜುಗರ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನನ್ನ ಮಗಳು ಒಂದು ದಿನ ಶಾಲೆಯಿಂದ ಅಳುತ್ತಾ ಬಂದದ್ದೂ ಅಂಥದೇ ಒಂದು ಮಾತಿಗೆ. ಅಂದು ರಾತ್ರಿ ನಾನು ಹಾರಾಡಿದೆ. ಆದರೆ ನಾವು ಕನ್ನಡದವರು ನಾಲ್ಕು ಜನ ಸೇರಿದಾಗ ಬಿಹಾರಿಗಳ ಬಗ್ಗೆ, ಬಂಗಾಳಿಗಳ ಮೀನಿನ ಬಗ್ಗೆ ಆಡಿಕೊಂಡು ನಕ್ಕದ್ದು ಎಷ್ಟು ಸಲ! ಅದು ಬರಿಯ ತಮಾಷೆ ಎಂದೇ ನಾನೂ ತಿಳಿದಿದ್ದೆ.

ಅಕ್ಕನ ಮಗ ಆ ಮೊಬೈಲ್ ಚಿತ್ರವನ್ನು ಯಾರಿಗೂ ಕಳಿಸದೆ ಅಳಿಸಿಹಾಕಿದ. ಊರಿಗೆ ಹೊರಡುವಾಗ, "ಮಾವ, ಇದು ಇಲ್ಲೇ ಇರಲಿ" ಎಂದು ಬೆಕ್ಕಿನ ಚಿತ್ರವನ್ನು ಬಿಟ್ಟುಹೋದ. ಟೀವಿಯ ಮೇಲಿನ ಗೋಡೆಗೆ ಅದನ್ನು ತೂಗುಹಾಕಿದ್ದೇವೆ. ಚುನಾವಣೆಯ ಸುದ್ದಿ ಕೇಳಿ ನಾನು ಜೋರಾಗಿ ನಕ್ಕಾಗಲೆಲ್ಲ ನನ್ನ ಹೆಂಡತಿ ಏನೂ ಹೇಳುವುದಿಲ್ಲ. ಒಮ್ಮೆ ಆ ಬೆಕ್ಕಿನ ಕಡೆ ನೋಡುತ್ತಾಳೆ, ಅಷ್ಟೆ.